ಹಾಡುಗಾರನ ಎದುರಿಂದ ಎದ್ದದ್ದು

ಕೈಗೆ ಬಂದ ಕೀರ್ತಿಯನ್ನು ತಾನಾಗಿ ತೊರೆದು ನಡೆಯುವುದು ಮನುಷ್ಯನ ಬದುಕಿನ ಅತ್ಯಂತ ಗಂಭೀರವಾದ ಗಳಿಗೆ. ಆಗ ಅವನ ಮುಖದ ಮೇಲೆ ಒಂದು ಬಗೆಯ ಕಾಂತಿ ಮೂಡುತ್ತದೆಯಂತೆ. ನನ್ನ ಮುಖದಲ್ಲಿ ಮೂಡಿದ್ದು ಸೀನು. ನಾನು ಮಡಚುತ್ತಿದ್ದ ಜಮಖಾನದಲ್ಲಿ ಅಷ್ಟು ಧೂಳಿತ್ತು.

ನಾನು ಬಿಟ್ಟ ತಂಡದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಬರೆಯಬೇಕಾದ್ದೂ ಇಲ್ಲ. ಉಳಿದವರು ಫೋನಿನಲ್ಲಿ ನೋಡಿರುತ್ತಾರೆ. ಧೋತರ ಉಟ್ಟು ರುಮಾಲು ಸುತ್ತಿದ ಒಬ್ಬರು ತತ್ವಪದ ಹಾಡುತ್ತಾರೆ. ಹಿಂದೆ ಡ್ರಮ್ಮು, ಬೇಸು. ಅವರ ಎದುರಿಗೆ ನಿಂತ ಒಬ್ಬ ಆಸಾಮಿ ಗಿಟಾರಿನಿಂದ ಗಿರಣಿಯ ಸೈರನ್ನಿನಂಥ ಸದ್ದು ಹೊರಡಿಸುತ್ತಾನೆ. ಆ ಆಸಾಮಿ ನಾನು. ಬೆಂಗಳೂರಿನ ಪತ್ರಿಕೆಯವರು ಇದನ್ನು ರಾಕ್ ಸಂಗೀತ ಎಂದು ಬರೆದರು. ನಮ್ಮ ಕಡೆಯ ಹಿರಿಯರು "ಕರೆಂಟಿನ ಭಜನಿ" ಎಂದರು. ಹಿರಿಯರ ಮಾತೇ ಹೆಚ್ಚು ಸರಿ ಎಂಬುದು ನನಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು.

ಹಾಡುಗಾರರನ್ನು ತಂಡದಲ್ಲಿ ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಹಿರೇಹಡಗಲಿಯವರು. ಬೆಳಗ್ಗೆ ಹೂವಿನಹಡಗಲಿಯಲ್ಲಿ ಮಲ್ಲಿಗೆ ಹರಾಜಿನ ಸವಾಲು ಕೂಗುವುದು ವೃತ್ತಿ, ಸಂಜೆ ಹಾಡು. ಅಂದರೆ ಒಂದೇ ಗಂಟಲಿಗೆ ಎರಡು ಪಾಳಿ. ವಯಸ್ಸು ಐವತ್ತು ದಾಟಿದ್ದರೂ ಬಿಳಿ ನಾಲ್ಕರ ಶ್ರುತಿಯಿಂದ ಕೆಳಗೆ ಇಳಿದವರಲ್ಲ. ಹಾರ್ಮೋನಿಯಂನ ಬಿಳಿ-ಕರಿ ಮನೆಗಳ ಲೆಕ್ಕದಲ್ಲಿ ಅದು ಗಂಡಸಿನ ಕಂಠಕ್ಕೆ ಸಾಕಷ್ಟು ಎತ್ತರದ ಜಾಗ. ಹರೆಯದವರೇ ಅಲ್ಲಿ ಏದುಸಿರು ಬಿಡುತ್ತಾರೆ. ಅಣ್ಣ ಅಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಂತೆ ಇರುತ್ತಿದ್ದರು. ಪದದ ಕೊನೆಯ ಸ್ವರವನ್ನು ಹಿಡಿದು ನಿಲ್ಲುತ್ತಿದ್ದರು. ಉಸಿರು ಮುಗಿಯಿತು, ಇನ್ನು ಬಿಡುತ್ತಾರೆ ಎಂದು ನಾವು ಅಂದುಕೊಂಡ ಮೇಲೆ ಅದರ ಮೇಲೆ ಇನ್ನೊಂದು ಸ್ವರ ಇಡುತ್ತಿದ್ದರು, ಗಡಿಗೆಯ ಮೇಲೆ ಗಡಿಗೆ ಇಟ್ಟ ಹಾಗೆ. ಮೈಕು ಕೆಟ್ಟರೂ ಹಿಂದಿನ ಸಾಲಿನವರಿಗೆ ಗೊತ್ತಾಗುತ್ತಿರಲಿಲ್ಲ. ಅಂಥ ಕಂಠದ ಎದುರಿಗೆ ನಿಂತು ಗಿಟಾರ್ ನುಡಿಸುವುದೆಂದರೆ ನನಗೆ ಸರ್ಕಾರಿ ನೌಕರಿ ಸಿಕ್ಕಷ್ಟು ಹೆಮ್ಮೆ. ನನ್ನ ನಿಜವಾದ ನೌಕರಿ ಕೂಡ್ಲಿಗಿಯಲ್ಲಿ ಫ್ಯಾನು, ಮೋಟರು ವೈಂಡಿಂಗ್ ಮಾಡುವುದು.

ಆ ಬೇಸಿಗೆಯ ಮಲ್ಲಿಗೆ ಹಂಗಾಮಿನಲ್ಲಿ ಅಣ್ಣನ ಧ್ವನಿ ಒಡೆಯತೊಡಗಿತು. ಮಾತಾಡುವಾಗ ಕರಕರ ಎನ್ನುವುದು, ಹಾಡುವಾಗ ನಡುವೆ ಒಂದು ಸ್ವರ ಹಾರಿಹೋಗುವುದು. ಮಜ್ಜಿಗೆ ಬಿಟ್ಟರು, ಜೇಷ್ಠಮದ್ದು ಅಗಿದರು, ಯಾರೋ ಹೇಳಿದರೆಂದು ಮೆಣಸಿನ ಕಷಾಯ ಕುಡಿದರು. ಕೊನೆಗೆ ನಾನೇ ಹಿಂದೆ ಬಿದ್ದು ಹೊಸಪೇಟೆಯ ಗಂಟಲಿನ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ತುದಿಯಲ್ಲಿ ಕ್ಯಾಮೆರಾ ಇದ್ದ ನಳಿಕೆಯನ್ನು ಗಂಟಲಿಗೆ ಬಿಟ್ಟು ಒಳಗಿನದನ್ನು ಪರದೆಯ ಮೇಲೆ ತೋರಿಸಿದರು. ಅಣ್ಣ ಬಹಳ ಹೊತ್ತು ನೋಡಿ ಕೇಳಿದರು:

"ಇದರಾಗ ಹಾಡು ಎಲ್ಲಿ ಐತ್ರಿ?"

ವೈದ್ಯರು ನಗಲಿಲ್ಲ. "ಧ್ವನಿ ಹೊಂಡೋ ತಂತು ಇವು. ಅಂಚಿನಾಗ ನೋಡ್ರಿ, ಸಣ್ಣ ಗಂಟು ಎದ್ದಾವು. ಒದರಿ ಒದರಿ ಆಗಿದ್ದು. ಹಾಡ್ರಿ, ಆದ್ರ ಮೆತ್ತಗ ಹಾಡ್ರಿ, ಕೆಳಗಿನ ಶ್ರುತಿಯಾಗ. ಕೂಗೋದು ಪೂರ್ತಿ ಬಂದ್. ಹಂಗ ಇದ್ರ ತಮ್ಮಷ್ಟಕ್ಕ ತಾವಾ ಕರಗ್ತಾವು. ಇಲ್ಲಾಂದ್ರ ಆಪರೇಷನ್. ಅದಾದ ಮ್ಯಾಲ ಇದಾ ಧ್ವನಿ ಉಳಿತೈತಿ ಅಂತ ನಾ ಮಾತು ಕೊಡಂಗಿಲ್ಲ."

ಹೊರಗೆ ಚಹಾದಂಗಡಿಯ ಮುಂದೆ ಅಣ್ಣ ಗೆಲುವಾಗಿದ್ದರು. "ಕೇಳಿದೇನಲೇ ತಮ್ಮ? ಹಾಡ್ರಿ ಅಂದ್ರು."

"ಮೆತ್ತಗ ಅಂದ್ರು ಅಣ್ಣಾ."

"ಅದು ಆಮ್ಯಾಲ ಅಂದಿದ್ದು."

ಒಂದು ಮಾತು ಹೇಳಬೇಕು. ಸವಾಲು ಕೂಗುವುದನ್ನು ಅವರು ಮರುದಿನವೇ ತಮ್ಮ ಒಡಹುಟ್ಟಿದ ತಮ್ಮನಿಗೆ ಒಪ್ಪಿಸಿದರು. ತಮ್ಮ ಕೂಗಿದರೆ ಹೂವಿಗೆ ರೇಟು ಏರುವುದಿಲ್ಲ ಎಂದು ಬೆಳೆಗಾರರು ಗೊಣಗಿದರೂ ಅಣ್ಣ ಹಿಂದೆ ಸರಿಯಲಿಲ್ಲ. ಆ ಕಂಠ ಹಾಡಿಗೆ ಬೇಕು, ಹೂವಿಗಲ್ಲ ಎಂದು ತೀರ್ಮಾನ ಮಾಡಿದ್ದರು. ಉಳಿದ ಒಂದು ಪಾಳಿಯನ್ನು ಹಗುರ ಮಾಡುವುದು ನಮ್ಮ ಕೆಲಸ. ಅದನ್ನು ನಾನು ಹೊತ್ತುಕೊಂಡೆ. ತಾಂತ್ರಿಕ ಸಮಸ್ಯೆ, ತಾಂತ್ರಿಕ ಪರಿಹಾರ ಎಂದು ತಿಳಿದಿದ್ದೆ. ಸುಟ್ಟ ಮೋಟರು ನೋಡಿದವನಿಗೆ ಎಲ್ಲವೂ ಹಾಗೆಯೇ ಕಾಣುತ್ತದೆ.

ಮೊದಲ ಉಪಾಯ, ಶ್ರುತಿ ಇಳಿಸುವುದು. ಬಿಳಿ ನಾಲ್ಕರಿಂದ ಕರಿ ಎರಡಕ್ಕೆ ಬರಬೇಕು. ಹೇಳಲು ಎರಡೇ ಮನೆ. ಆದರೆ ನಾನು ಏಕತಾರಿಯ ಹಾಗೆ ತಂತಿಗಳ ಮೇಲೆ ಬೆರಳಿಡದೆ ಮಿಡಿಯುತ್ತಿದ್ದವನು. ಬರೀ ಬೆರಳಿನ ಜಾಗ ಬದಲಿಸಿದರೆ ಆ ಗುಂಯ್‌ಗುಡುವಿಕೆ ಸತ್ತುಹೋಗುತ್ತದೆ. ಹಾಗಾಗಿ ಆರೂ ತಂತಿಗಳನ್ನು ಸಡಿಲಿಸಿದೆ. ಸಡಿಲಾದ ತಂತಿ ಒಣಗಲು ಹಾಕಿದ ಲುಂಗಿಯಂತೆ ಜೋತು ಕತ್ತಿನ ಮೇಲಿನ ಲೋಹದ ಫ್ರೆಟ್ಟುಪಟ್ಟಿಗಳಿಗೆ ಬಡಿದು ಚರ್ ಎಂದಿತು. ದಪ್ಪ ತಂತಿ ತರಿಸಿದೆ. ದಪ್ಪ ತಂತಿ ಗಿಟಾರಿನ ತಲೆಯ ಕಡೆಯ ಸಣ್ಣ ಕಚ್ಚುಗಳಲ್ಲಿ ಕೂರಲಿಲ್ಲ. ಕೊಟ್ಟೂರಿನ ಪತ್ತಾರರೊಬ್ಬರ ಹತ್ತಿರ ಬಂಗಾರ ಉಜ್ಜುವ ಸಣ್ಣ ಅರ ಇಸಿದುಕೊಂಡು ಕಚ್ಚುಗಳನ್ನು ಅಗಲ ಮಾಡಿದೆ. ಆಮೇಲೆ ಕತ್ತು ಬಾಗಿತು. ಗಿಟಾರಿನ ಕತ್ತಿನೊಳಗೆ ಒಂದು ಕಬ್ಬಿಣದ ಸರಳಿರುತ್ತದೆ. ಅದನ್ನು ಕೀಲಿಯಿಂದ ಚೂರು ತಿರುಗಿಸುವುದು, ಅದಕ್ಕೆ ಒಂದು ರಾತ್ರಿ ಸುಧಾರಿಸಿಕೊಳ್ಳಲು ಬಿಡುವುದು, ಮತ್ತೆ ಚೂರು ತಿರುಗಿಸುವುದು. ಅವಸರ ಮಾಡಿದರೆ ಕತ್ತು ಮುರಿಯುತ್ತದೆ. ಕೊಟ್ಟೂರಿನ ಖಾಲಿ ಶೇಂಗಾ ಗೋದಾಮು ನಮ್ಮ ತಾಲೀಮಿನ ಜಾಗ. ಕರಿ ಎರಡರಲ್ಲಿ ಅಲ್ಲಿ ಮೊದಲ ಸಲ ನುಡಿಸಿದ ದಿನ ಅಣ್ಣ ಕಣ್ಣು ಮುಚ್ಚಿ ಹಾಡಿದರು. ಧ್ವನಿ ಎಲ್ಲೂ ಒಡೆಯಲಿಲ್ಲ. ನಾನು ವೈದ್ಯಕೀಯ ಕ್ಷೇತ್ರಕ್ಕೆ ಸಲ್ಲಿಸಿದ ಸೇವೆಯ ಬಗ್ಗೆ ಮನಸ್ಸಿನಲ್ಲೇ ಒಂದು ಸನ್ಮಾನ ಏರ್ಪಡಿಸಿಕೊಂಡೆ.

ಕೂಡ್ಲಿಗಿಯ ಮೈದಾನದ ಕಾರ್ಯಕ್ರಮದಲ್ಲಿ ಆ ಸನ್ಮಾನ ರದ್ದಾಯಿತು. ಮೊದಲ ಎರಡು ಪದ ಹದವಾಗಿ ಹೋದವು. ಮೂರನೆಯದರಲ್ಲಿ ನಾನು ನನ್ನ ಸಾಲನ್ನು ಮೇಲಕ್ಕೆ ಒಯ್ದೆ. ಅಣ್ಣ ಹುಬ್ಬು ಏರಿಸಿದರು. ಶ್ರುತಿ ಕೆಳಗಿಳಿದಿದ್ದರಿಂದ ಮೇಲೆ ಹೊಸದಾಗಿ ಜಾಗ ಖಾಲಿಯಾಗಿದೆ ಎಂಬುದು ಅವರ ಗಮನಕ್ಕೆ ಬಂದಿತು. ಹೊಸ ಬಾಡಿಗೆ ಮನೆಯಲ್ಲಿ ಅಟ್ಟ ಕಂಡವರಂತೆ ಅಲ್ಲಿಗೂ ಹತ್ತಿ ನೋಡಿದರು. ಹಿಂದೆ ಎಲ್ಲಿ ನಿಲ್ಲುತ್ತಿದ್ದರೋ ಅದಕ್ಕಿಂತ ಒಂದು ಮನೆ ಮೇಲೆ ಹೋಗಿ ನಿಂತರು.

ವೇದಿಕೆ ಇಳಿದವರೇ ನನ್ನ ಬೆನ್ನು ತಟ್ಟಿದರು. "ಈ ಶ್ರುತಿ ಭಾಳ ಚಲೋ ಐತಿ ಬಿಡಲೇ ತಮ್ಮ. ಏರಾಕ ಜಾಗ ಸಿಕ್ತು!"

ಮರುದಿನ ಅವರಿಗೆ ಮಾತೇ ಹೊರಡಲಿಲ್ಲ.

ಎರಡನೆಯ ಉಪಾಯ, ನನ್ನ ಸದ್ದು ಇಳಿಸುವುದು. ಹಾಡುವವರಿಗೆ ತಮ್ಮ ಧ್ವನಿ ತಮಗೆ ಕೇಳದಿದ್ದರೆ ಒದರುತ್ತಾರೆ. ಇದು ಎಲ್ಲ ವೇದಿಕೆಯ ಕಥೆ. ಹಗರಿಬೊಮ್ಮನಹಳ್ಳಿಯ ಕಾರ್ಯಕ್ರಮದ ದಿನ ನಾನು ಗಿಟಾರಿನ ಸ್ಪೀಕರ್ ಪೆಟ್ಟಿಗೆಯನ್ನು ಗೋಡೆಗೆ ಮುಖ ಮಾಡಿ ಇಟ್ಟು, ಗೋದಾಮಿನಿಂದ ತಂದ ಖಾಲಿ ಶೇಂಗಾ ಚೀಲಗಳನ್ನು ಹೊದಿಸಿದೆ. ಅಣ್ಣನ ಕಾಲ ಬಳಿಯ ಸ್ಪೀಕರಿನಲ್ಲಿ ಅವರ ಧ್ವನಿಯನ್ನೇ ಜೋರಾಗಿ ಬಿಡಿ ಎಂದು ಸೌಂಡಿನವರಿಗೆ ಹೇಳಿದೆ. ಅವರು ಕೊಟ್ಟೂರಿನ ಸಾಬರು, ಅಪ್ಪನ ಕಾಲದಿಂದ ರೇಡಿಯೋ ರಿಪೇರಿಯ ಮನೆತನ. ನಾವೆಲ್ಲ ಮಾಮಾ ಎನ್ನುವುದು. ಚೀಲ ಹೊದ್ದ ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿದರು.

"ಏನ್ ಭಾಯ್, ಗಿಟಾರಿಗೆ ಹೆರಿಗಿ ಆಗೈತೇನು? ಗಾಳಿ ಹೊಡಿಬಾರದು ಅಂತ ಹೊದಿಸಿಯಲ್ಲ!"

"ಅಣ್ಣನ ಗಂಟಲಿಗೆ ಮಾಮಾ."

"ಗಂಟಲು ಅವರದು, ರಜಾಯಿ ಇದಕ್ಕ. ಅಚ್ಛಾ, ಮಾಡು."

ಎರಡನೆಯ ಪದದ ನಡುವೆ ಅಣ್ಣ ಹಾಡುತ್ತಲೇ ನಡೆದು ಬಂದರು. ಬಲಗೈಯಲ್ಲಿ ಮೈಕು. ಒಂದು ಉದ್ದನೆಯ ಸ್ವರವನ್ನು ಹಿಡಿದುಕೊಂಡೇ, ಅದನ್ನು ಕೊಂಚವೂ ಅಲುಗಿಸದೆ, ಎಡಗೈಯಿಂದ ಚೀಲಗಳನ್ನು ಒಂದೊಂದಾಗಿ ಎಳೆದು ಎಸೆದರು. ಪೆಟ್ಟಿಗೆಯನ್ನು ಕಾಲಿನಿಂದ ಜನರ ಕಡೆ ತಿರುಗಿಸಿದರು. ಜನ ಶಿಳ್ಳೆ ಹೊಡೆದರು. ನನಗೆ ಸಿಟ್ಟು ಬರಬೇಕಿತ್ತು. ಅಷ್ಟು ಹೊತ್ತು ಆ ಸ್ವರ ಅಲುಗಲಿಲ್ಲವಲ್ಲ ಎಂದು ಬಾಯಿ ತೆರೆದು ನೋಡುತ್ತ ನಿಂತಿದ್ದೆ.

ಆಮೇಲೆ ನನ್ನನ್ನು ಬದಿಗೆ ಕರೆದರು. "ಎದುರಿನಂವ ಬಾಯಿ ಮುಚ್ಚಿಕೊಂಡು ಕುಂತ್ರ ನಾ ಯಾರ ಸಂಗಾಟ ಹಾಡಬೇಕಲೇ?"

ಈ ಮಾತನ್ನು ನಾನು ಆಲಂಕಾರಿಕವೆಂದು ತಿಳಿದೆ. ಅದನ್ನು ಬಿಡಿಸಿ ಹೇಳಿದವರು ನಮ್ಮ ಡ್ರಮ್ಮಿನ ಕಾಕಾ. ಅಣ್ಣನ ಊರಿನವರು, ಡ್ರಮ್ಮಿಗೆ ಬರುವ ಮುಂಚೆ ಅಣ್ಣನ ಭಜನೆ ಮೇಳದಲ್ಲಿ ದಮ್ಮಡಿ ಬಾರಿಸುತ್ತಿದ್ದವರು. ಸಾಮಾನು ಗಾಡಿಗೆ ಹೇರುತ್ತ ನನ್ನ ಸೋಲುಗಳನ್ನು ಹೇಳಿಕೊಂಡಾಗ ಕಾಕಾ ನಕ್ಕರು.

"ನೀ ಏನ್ ಮಾಡಿದ್ರೂ ಅಷ್ಟಾ. ನಮ್ಮ ಊರ ಭಜನ್ಯಾಗ ಎರಡು ಮ್ಯಾಳ ಎದುರುಬದುರು ಕೂಡ್ತಾವು. ಅವ್ರು ಎತ್ತಿದ್ರ ಇವ್ರು ಅದಕ್ಕಿಂತ ಒಂದು ಮನಿ ಮ್ಯಾಲ ಎತ್ತಬೇಕು. ಇಳಿಯಂಗಿಲ್ಲ. ಇಳಿದಂವ ಎದ್ದು ಜಮಖಾನಿ ಮಡಚಬೇಕು. ಮಡಚಿದಂವ ಮತ್ತ ಅವ್ರ ಎದುರಿಗೆ ಕೂಡಂಗಿಲ್ಲ. ಗೆದ್ದಂವ ಮೆತ್ತಗ ಒಂದು ಮಂಗಳ ಹಾಡಿ ಮುಗಸ್ತಾನ."

"ಅಣ್ಣ ಎಷ್ಟು ಸಲ ಮಡಚ್ಯಾರು?"

"ಅಂವ ಮಡಚಿದ್ದು ನೋಡಿದಂವ ಇನ್ನಾ ಹುಟ್ಟಿಲ್ಲ."

"ನಂದು ಮ್ಯಾಳ ಅಲ್ಲಲ್ಲ ಕಾಕಾ, ಗಿಟಾರು."

"ನಿನಗ ಗಿಟಾರು. ಅವಂಗ ನೀ ಎದುರಿನ ಮ್ಯಾಳ."

ನಮ್ಮನ್ನು ಫೋನಿನಿಂದ ಫೋನಿಗೆ ಹಬ್ಬಿಸಿದ್ದು ಒಂದೇ ಒಂದು ಪದ. ಗಿಟಾರು ಒಂದು ಸಾಲು ಏರುತ್ತದೆ, ಕಂಠ ಅದರ ಮೇಲೆ ಏರುತ್ತದೆ, ಮತ್ತೆ ಗಿಟಾರು, ಮತ್ತೆ ಕಂಠ. ಆ ಏರಾಟವನ್ನು ನಾನು ನನ್ನ ಸಂಗೀತ ಸಂಯೋಜನೆಯೆಂದು ಪತ್ರಿಕೆಯವರಿಗೆ ವಿವರಿಸಿದ್ದುಂಟು. ಅಣ್ಣನ ಲೆಕ್ಕದಲ್ಲಿ ಅದು ನಾವು ಶುರುಮಾಡಿದ ಮೊದಲ ದಿನದಿಂದ ಮುಗಿಯದೆ ನಡೆದುಬಂದ ಒಂದೇ ಭಜನೆಯ ಪಂದ್ಯ. ನಾನು ಇಳಿಯಲಿಲ್ಲ, ಅವರೂ ಇಳಿಯಲಿಲ್ಲ, ಪಂದ್ಯ ಚಾಲ್ತಿಯಲ್ಲಿತ್ತು. ನಾನು ಸದ್ದು ಇಳಿಸಿದ್ದು ಅವರಿಗೆ ಮೋಸದ ಆಟದಂತೆ ಕಂಡಿರಬೇಕು.

"ಬಿಡಿಸಿ ಹೇಳಿದ್ರ ಹೆಂಗ ಕಾಕಾ? ಗಂಟಲ ಸಲುವಾಗಿ ಬ್ಯಾಡ ಅಂತ?"

"ಹೇಳಿ ನೋಡು. 'ಸೋತ್ಯಾ?' ಅಂತಾನ. ಇಲ್ಲ ಅಂದ್ರ ಮತ್ತೊಂದು ಮನಿ ಏರ್ತಾನ. ಹೌದು ಅಂದ್ರ ಮಡಚು ಅಂತಾನ."

ಮಡಚುವುದೆಂದರೆ ತಂಡ ಬಿಡುವುದು. ಅದು ಆಗ ನನ್ನ ತಲೆಯಲ್ಲಿ ಇರಲಿಲ್ಲ ಎಂದು ಹೇಳಲಾರೆ. ಇತ್ತು, ಮೂಲೆಯಲ್ಲಿ ಕೂತಿತ್ತು. ಅಷ್ಟು ವರ್ಷ ಸಾಕಿದ ಹೆಸರನ್ನು ಯಾರದೋ ಊರಿನ ಜಮಖಾನದ ನಿಯಮಕ್ಕೆ ಬಿಟ್ಟುಕೊಡುವಷ್ಟು ದೊಡ್ಡ ಮನುಷ್ಯ ನಾನಲ್ಲ ಎಂದು ಅದನ್ನು ಅಲ್ಲೇ ಕೂರಿಸಿದ್ದೆ.

ಹರಪನಹಳ್ಳಿಯ ಕಾಲೇಜೊಂದರಲ್ಲಿ ಮಧ್ಯಾಹ್ನದ ಕಾರ್ಯಕ್ರಮವಿತ್ತು. ಶಾಮಿಯಾನದ ಕೆಳಗೆ ಹುಡುಗರು, ಹುಡುಗಿಯರು ಕಿಕ್ಕಿರಿದಿದ್ದರು. ನಾನು ಮೇಲಿನ ತಂತಿಗಳ ಕಡೆ ಹೋಗದೆ ಗುಂಯ್ ಎಂದು ತಳದಲ್ಲೇ ನುಡಿಸುತ್ತಿದ್ದೆ. "ಗಿಟಾರಿಗೆ ಏನಾಗೈತೆ ಸಾರ್, ಉಪಾಸ ಐತಾ?" ಎಂದು ಯಾರೋ ಕೂಗಿ ಉಳಿದವರು ನಕ್ಕರು.

ನಾಲ್ಕನೆಯ ಪದದ ನಡುವೆ ಅಣ್ಣನ ಧ್ವನಿ ನಿಂತಿತು. ಬಿರುಕು ಬಿಡಲಿಲ್ಲ, ಕರಕರ ಎನ್ನಲಿಲ್ಲ. ಬಾಯಿ ತೆರೆದಿತ್ತು, ಬರೀ ಗಾಳಿ ಬಂತು. ಆದರೂ ಅಣ್ಣ ಒಂದು ಮಾತ್ರೆ ತಾಳವನ್ನೂ ಕಳೆದುಕೊಳ್ಳಲಿಲ್ಲ. ನಗುತ್ತ ಮೈಕನ್ನು ಮಕ್ಕಳ ಕಡೆ ಚಾಚಿ, ಇನ್ನೊಂದು ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡರು. ಇಡೀ ಶಾಮಿಯಾನ ಆ ಸಾಲನ್ನು ಹಾಡಿತು. ಅವರ ಜೊತೆ ಹಾಡಿದ್ದಕ್ಕೆ ಮಕ್ಕಳಿಗೆ ಖುಷಿಯೋ ಖುಷಿ. ಅಷ್ಟು ಜನರ ಮುಂದೆ ಒಬ್ಬ ಹಾಡುಗಾರ ತನ್ನ ಕಂಠ ಕಳೆದುಕೊಂಡು ನಿಂತಿದ್ದಾನೆ ಎಂದು ವೇದಿಕೆಯ ಮೇಲಿದ್ದ ನಮ್ಮನ್ನು ಬಿಟ್ಟು ಯಾರಿಗೂ ತಿಳಿಯಲಿಲ್ಲ. ನಾನು ಬಹಳ ಜನ ಕಲಾವಿದರನ್ನು ನೋಡಿದ್ದೇನೆ. ಅಂಥದ್ದನ್ನು ಮತ್ತೆ ನೋಡಿಲ್ಲ.

ನೀರು ಕುಡಿಯಲು ನಮ್ಮ ಕಡೆ ತಿರುಗಿದಾಗ ಅವರ ಮುಖ ಕಂಡಿತು. ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವ ಹಾಗೆ ಕತ್ತಿನ ಮೇಲೆ ಅಂಗೈ ಇಟ್ಟುಕೊಂಡಿದ್ದರು. ಒಂದು ಗುಟುಕು ಕುಡಿದರು. ನನ್ನ ಕಡೆ ನೋಡಿ ಗದ್ದ ಎತ್ತಿದರು. ಆ ಸನ್ನೆಯ ಅರ್ಥ, ಏರಾಟದ ಪದ ಶುರುಮಾಡು.

ಶುರುಮಾಡಿದೆ. ನಾನು ಒಂದು ಸಾಲು ಏರಿದೆ, ಅವರು ಏರಿದರು. ಧ್ವನಿ ಬಂತು, ಆದರೆ ಬಾವಿಯ ತಳಕ್ಕೆ ಕೊಡ ತಾಗಿದ ಸದ್ದು ಅದರಲ್ಲಿತ್ತು. ಎರಡನೆಯ ಸಲ ಏರಿದೆ. ಕತ್ತಿನ ನರ ಉಬ್ಬಿಸಿ ಅವರೂ ಏರಿದರು. ಮೂರನೆಯದು ಜನ ಕಾಯುವ ಜಾಗ. ಹುಡುಗರು ಫೋನು ಎತ್ತಿ ಹಿಡಿದರು. ಅಣ್ಣ ಮುಂದೆ ಬಾಗಿ, ಉಸಿರು ತುಂಬಿಕೊಂಡು ನಿಂತಿದ್ದರು.

ನಾನು ಇಳಿದೆ.

ಒಂದೊಂದೇ ಸ್ವರ ಮೆಟ್ಟಿಲಿಳಿಯುತ್ತ ತಳದ ದಪ್ಪ ತಂತಿಗೆ ಬಂದು ಕೂತೆ. ಅಣ್ಣ ತುಂಬಿಕೊಂಡ ಉಸಿರಿನಲ್ಲೇ ನನ್ನನ್ನು ನೋಡಿದರು. ನನ್ನ ಬೆರಳು ತಪ್ಪಿದೆ ಎಂದುಕೊಂಡು ಕಾದರು. ಗಿಟಾರಿನ ವೈರನ್ನು ಕಿತ್ತೆ. ಡಬ್ ಎಂದು ಸದ್ದಾಯಿತು. ಬಗ್ಗಿ, ನಮ್ಮ ಕಾಲ ಕೆಳಗಿದ್ದ ಜಮಖಾನದ ಅಂಚು ಹಿಡಿದು ಮಡಚತೊಡಗಿದೆ. ಅದನ್ನು ಹಾಸಿದ್ದು ಡ್ರಮ್ಮು ಜಾರದಿರಲಿ ಎಂದು. ಹಾಗಾಗಿ ಅರ್ಧ ಮಾತ್ರ ಮಡಚಲು ಬರುತ್ತಿತ್ತು. ಉಳಿದರ್ಧದ ಮೇಲೆ ಕಾಕಾ ತಮ್ಮ ಡ್ರಮ್ಮಿನ ಸಂಸಾರ ಸಮೇತ ಕೂತಿದ್ದರು. ಕಾಕಾ ಮೊದಲು ನನ್ನನ್ನು, ಆಮೇಲೆ ಅಣ್ಣನನ್ನು ನೋಡಿ, ಕೋಲುಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಆಗಲೇ ನನಗೆ ಆ ಸೀನು ಬಂದದ್ದು. ಕೀರ್ತಿ ಅಲ್ಲಿಗೆ ಮುಗಿಯಿತು.

ಸೌಂಡಿನ ಮಾಮಾ ಮಾತ್ರ ಟೆಸ್ಟರ್ ಹಿಡಿದು ಓಡಿ ಬಂದರು. "ಶಾಕ್ ಹೊಡೀತೇನ್ ಭಾಯ್? ಎಲ್ಲಿ? ಎಲ್ಲಿ?"

"ಇಲ್ಲ ಮಾಮಾ. ಮುಗೀತು."

"ಏನ್ ಮುಗೀತು? ಕರೆಂಟ್ ಐತಲ್ಲ!"

ಅಣ್ಣ ನನ್ನ ಮೇಲಿನ ಕಣ್ಣನ್ನು ನಿಧಾನ ತೆಗೆದರು. ಹಿಡಿದ ಉಸಿರನ್ನು ಬಿಟ್ಟರು. ಕಾಕಾನ ಕಡೆ ತಿರುಗಿ ಬೆರಳಿನಲ್ಲಿ ತಾಳ ತೋರಿಸಿ, ಮಂಗಳ ಹಾಡಿದರು. ಮೆತ್ತಗೆ, ಕರಿ ಎರಡರಲ್ಲಿ, ಎಲ್ಲಿಯೂ ಏರದೆ. ಎಲ್ಲೂ ಒಡೆಯಲಿಲ್ಲ. ಹುಡುಗರು ಫೋನು ಇಳಿಸಿ ಕೇಳಿದರು. ಮಡಚಿದ ಅರ್ಧ ಜಮಖಾನವನ್ನು ಹಿಡಿದುಕೊಂಡು ಪಕ್ಕದಲ್ಲಿ ನಿಂತ ನಾನೂ ಕೇಳಿದೆ. ಅಷ್ಟು ವರ್ಷ ಜೊತೆಗಿದ್ದರೂ ಆ ಧ್ವನಿಯ ಅಡಿಯಲ್ಲಿ ಅಂಥದ್ದೊಂದು ಮೃದುತನ ಇದೆ ಎಂದು ನನಗೆ ಗೊತ್ತಿರಲಿಲ್ಲ. ನಡುವೆ ಸದಾ ನನ್ನದೇ ಸದ್ದು ಇತ್ತು.

ಕೊಟ್ಟೂರಿನಲ್ಲಿ ತಂಡದ ಗಾಡಿ ಇಳಿದು ನಾನು ಕೂಡ್ಲಿಗಿಯ ಬಸ್ಸು ಹತ್ತಿದೆ. ಆಮೇಲೆ ನಾಲ್ಕೂ ದಿಕ್ಕಿನಿಂದ ಸುದ್ದಿ ಬಂತು: ದಾವಣಗೆರೆಯ ಆರ್ಕೆಸ್ಟ್ರಾದವರು ನನ್ನನ್ನು ಸೆಳೆದರಂತೆ, ಅಣ್ಣನಿಗೂ ನನಗೂ ಹೊಡೆದಾಟವಾಯಿತಂತೆ, ನನಗೆ ವೇದಿಕೆಯ ಮೇಲೆ ಶಾಕ್ ಹೊಡೆದು ತಲೆ ಕೆಟ್ಟಿತಂತೆ. ಮೂರನೆಯದು ಮಾಮಾ ಹಬ್ಬಿಸಿದ್ದು. ಅವರು ಪ್ರಾಮಾಣಿಕವಾಗಿ ನಂಬಿದ್ದರು.

ಕೆಲವು ವಾರಗಳ ಮೇಲೆ ಅಣ್ಣ ನನ್ನ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂತು, ನಾನು ಫ್ಯಾನಿನ ಕಾಯಿಲ್ ಸುತ್ತುವುದನ್ನು ನೋಡುತ್ತಿದ್ದರು.

"ದಾವಣಗೇರಿ ಪಾರ್ಟಿ ಸೇರಿದಿ ಅಂತಲ್ಲ."

"ಫ್ಯಾನು ಸುತ್ತಾಕತ್ತೀನಿ ನೋಡ್ರಿ ಅಣ್ಣಾ."

"ಬೇಕಂತ ಇಳದ್ಯಾ?"

"ಇಲ್ರಿ. ನೀವು ಏರಿದ್ರಿ, ನನ್ನ ಕೈಲಿ ಆಗಲಿಲ್ಲ."

"ಸುಳ್ಳು ಹೇಳಬ್ಯಾಡಲೇ." ಅವರ ದನಿ ಸಣ್ಣದಿತ್ತು, ಒರಟಿರಲಿಲ್ಲ. "ಅವತ್ತು ನನ್ನ ಗಂಟಲಾಗ ಏನೂ ಉಳಿದಿದ್ದಿಲ್ಲ. ನೀ ಇನ್ನೊಂದು ಮನಿ ಏರಿದ್ದಿ ಅಂದ್ರ ನಾ ಮಡಚತಿದ್ದೆ. ಗೊತ್ತಿತ್ತು ನಿನಗ."

ನಾನು ಕಾಯಿಲ್ ಸುತ್ತಿದೆ.

"ಏನಾರ ಆಗಲಿ, ಮಡಚಿದಂವ ನೀನು," ಎಂದರು. "ಮತ್ತ ಬಾ ಅನ್ನಾಕ ಬರಂಗಿಲ್ಲ. ರೀತಿ ಅಲ್ಲ."

"ಗೊತ್ತೈತ್ರಿ."

"ಬ್ಯಾರೇದವನ್ನ ಕರ್ಕೊಂಬರ್ತೀನಿ ಅಂದ ಕಾಕಾ. ಬ್ಯಾಡ ಅಂದೆ. ನಿನ್ನ ಎದುರಿಗೆ ಕುಂತು ಹಾಡಿದ ಮ್ಯಾಲ ಅಂಥಾ ಇಂಥಾವನ ಎದುರಿಗೆ ಏನ್ ಏರೋದು?"

ಇಷ್ಟು ವರ್ಷಗಳಲ್ಲಿ ಅವರು ನನ್ನ ಗಿಟಾರಿನ ಬಗ್ಗೆ ಹೇಳಿದ ಒಳ್ಳೆಯ ಮಾತು ಇದೊಂದೇ. ಚಹಾ ಕುಡಿದು, ಮನೆಯಲ್ಲಿ ಕೆಟ್ಟು ಬಿದ್ದಿದ್ದ ಮಿಕ್ಸರನ್ನು ಚೀಲದಿಂದ ತೆಗೆದು ನನ್ನ ಮುಂದಿಟ್ಟು ಹೋದರು.

ಈಗ ತಂಡದಲ್ಲಿ ಗಿಟಾರಿನ ಜಾಗದಲ್ಲಿ ಹಾರ್ಮೋನಿಯಂ ಇದೆ. ದೀಪಾವಳಿ ಕಳೆದ ಮೇಲೆ ಹೊಸಪೇಟೆಯ ವೈದ್ಯರು ಮತ್ತೊಮ್ಮೆ ನಳಿಕೆ ಬಿಟ್ಟು ನೋಡಿದರು. ಗಂಟುಗಳು ಕರಗಿದ್ದವು. ಆಪರೇಷನ್ ಬೇಕಾಗಿಲ್ಲ ಎಂದರು.